ರಾಣಿ ಪಿಂಕ್ ಎರರ್

ಉಬೈದನಿಗೆ ಇದು ಎರಡನೇ ಸಲ. ಹೋದ ವರ್ಷ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಮುಗ್ಗರಿಸಿದವನಿಗೆ ಅಪ್ಪ ಮೊಯ್ದೀನಬ್ಬ ಹೇಳಿಯಾಗಿತ್ತು: "ಈ ಸಲವೂ ಫೇಲಾದ್ರೆ ಸೀದಾ ಹಂಪನಕಟ್ಟೆಗೆ ಬಾ. ನಮ್ಮ ಅಂಗಡಿಯಲ್ಲಿ ಸೀರೆ ಮಡಚು." ಸೀರೆ ಮಡಚಿ ಮಡಚಿಯೇ ಬೆಳೆದ ಹುಡುಗನಿಗೆ ಅದಕ್ಕಿಂತ ದೊಡ್ಡ ಶಾಪ ಬೇಕೆ!

ಕೆಲಸವೇನೋ ಮಕ್ಕಳಾಟ. ಫ್ಲಾಸ್ಕಿನಲ್ಲಿ ವಿನೆಗರಿನ ಆಸಿಡ್, ಪಾಪದ್ದು, ದುರ್ಬಲ ಆಮ್ಲ; ಜೊತೆಗೆ ಬಣ್ಣ ತೋರಿಸುವ ಸೂಚಕದ ಎರಡು ಹನಿ. ಮೇಲಿನ ಬ್ಯುರೆಟ್ಟೆಂಬ ಅಳತೆಗೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಿ, ಎಷ್ಟು ಇಳಿಯಿತೆಂದು ಬರೆಯಬೇಕು. ಬಣ್ಣ ಸರಿಯಾಗಿ ಕಾಣಲೆಂದು ಫ್ಲಾಸ್ಕಿನಡಿ ಇಡುವ ಬಿಳಿ ಟೈಲುಗಳು ಎಂದೋ ಒಡೆದಿದ್ದವು. ಕಾಲೇಜಿನವರಿಗೆ ಅದರ ತಲೆಬಿಸಿಯೇ ಇಲ್ಲ ಬಿಡಿ.

ಪರೀಕ್ಷಕಿ ಮನೋರಮಾ ಮೇಡಂ ಅಂದು ಉಟ್ಟದ್ದು ಕಣ್ಣು ಕುಕ್ಕುವ ರಾಣಿ ಪಿಂಕ್ ರೇಷ್ಮೆ. ಅವರು ಯಾರ ಮೇಜಿನ ಬಳಿ ನಿಂತರೂ ಫ್ಲಾಸ್ಕು ನಾಚಿ ಕೆಂಪಾಗುತ್ತಿತ್ತು. "ಆಯ್ತು ಮೇಡಂ" ಎಂದು ಒಬ್ಬೊಬ್ಬರೇ ಎದ್ದರು. ಎಲ್ಲರದ್ದೂ ಎಂಟು ಪಾಯಿಂಟ್ ಆರು ಎಂ.ಎಲ್. ಬೆಳಿಗ್ಗೆ ಮೇಡಂ ಅದೇ ಸೀರೆಯಲ್ಲಿ ತಾವೇ ಮಾಡಿಟ್ಟ ಉತ್ತರವೂ ಅದೇ.

"ನಿಲ್ಲಿಸು ಮಾರಾಯ, ಪಿಂಕ್ ಆಯ್ತಲ್ಲ!" ಎಂದ ಪಕ್ಕದ ಸಿಪ್ರಿಯನ್.

ಆದರೆ ಅಂಗಡಿಯ ಕಣ್ಣು ಸುಮ್ಮನಿರುತ್ತದೆಯೇ? ರಾಣಿ ಪಿಂಕ್ ಪಕ್ಕದಲ್ಲಿ ಹರಡಿದರೆ ಬಿಳಿ ಮುಂಡು ಪಂಚೆಯೂ ಗುಲಾಬಿಯೇ. ಅದಕ್ಕೇ ಅಲ್ಲವೇ ಗಿರಾಕಿಯನ್ನು ಬಾಗಿಲ ಬೆಳಕಿಗೆ ಕರೆದೊಯ್ಯುವುದು! ಉಬೈದ್ ಫ್ಲಾಸ್ಕ್ ಹಿಡಿದು ಕಿಟಕಿಯತ್ತ ನಡೆದ.

"ಎಂತ, ಎಲ್ಲಿಗೆ ಹೊರಟದ್ದು?" ಮೇಡಂ ಗದರಿದರು.

"ಬೆಳಕಿಗೆ, ಮೇಡಂ."

ಅಲ್ಲಿ ನೋಡಿದರೆ ಬಣ್ಣವೇ ಇಲ್ಲ, ಬರೀ ನೀರು. ಮತ್ತೆ ಹನಿ ಬಿಟ್ಟ, ಮತ್ತೆ ಕಿಟಕಿಗೆ ಓಡಿದ. ಕೊನೆಗೆ ನಿಜವಾಗಿ ಗುಲಾಬಿಯಾದದ್ದು ಒಂಬತ್ತು ಪಾಯಿಂಟ್ ಎರಡಕ್ಕೆ.

"ನನ್ನ ಉತ್ತರಕ್ಕೂ ನಿನ್ನದಕ್ಕೂ ಏಳು ಪರ್ಸೆಂಟ್ ಎರರ್! ಫೇಲ್ ಮಾಡ್ಬೇಕಾಗ್ತದೆ. ಎಲ್ಲಿಂದ ಬಂತು ಈ ತಪ್ಪು, ಹೇಳು ನೋಡುವ."

ಉಬೈದನಿಗೆ ಅತ್ತ ದರಿ, ಇತ್ತ ಪುಲಿ.

"ತಪ್ಪು... ನಿಮ್ಮ ಸೀರೆಯಿಂದ, ಮೇಡಂ."

ಮೇಡಂ ಬಿಳಿ ಕೋಟು ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕಿ, ಫ್ಲಾಸ್ಕಿನಡಿ ಬಿಳಿ ಹಾಳೆ ಇಟ್ಟು, ಕಿಟಕಿಯ ಬಳಿ ತಾವೇ ಇನ್ನೊಮ್ಮೆ ಮಾಡಿದರು. ಒಂಬತ್ತು ಪಾಯಿಂಟ್ ಎರಡು.

"ಎಲ್ಲರೂ ಮತ್ತೆ ಮಾಡಿ!"

ಸಿಪ್ರಿಯನ್ ಉಬೈದನನ್ನು ಹಸಿಹಸಿಯಾಗಿ ತಿನ್ನುವಂತೆ ನೋಡಿದ.

ಮಾರ್ಕು ಬರೆಯಲು ಪೆನ್ನೆತ್ತಿದ ಮೇಡಂ ತಡೆದು, ದನಿ ತಗ್ಗಿಸಿದರು. "ಒಂದು ಪ್ರಶ್ನೆ ಬಾಕಿ ಉಂಟು. ಹಾಗಾದ್ರೆ ಈ ಸೀರೆ ನನಗೆ ಒಪ್ಪುವುದಿಲ್ವಾ?"

ಉಬೈದನೊಳಗೆ ಅವನಪ್ಪ ಎದ್ದು ನಿಂತರು.

"ಎಂತ ಹೇಳ್ತೀರಿ ಮೇಡಂ! ನಿಮಗೆ ಲಾಯಕ್ ಒಪ್ತದೆ. ಆಸಿಡಿಗೆ ಒಪ್ಪುವುದಿಲ್ಲ, ಅಷ್ಟೇ."

ಮೂವತ್ತಕ್ಕೆ ಮೂವತ್ತು ಬಿತ್ತು.