ಕೈಗೆ ಬೂಟು ತೊಟ್ಟವರು

ಮೇಷ್ಟ್ರು ನಡೆಯುವುದನ್ನು ಸ್ಟುಡಿಯೊದಲ್ಲಿ ಯಾರೂ ಕಂಡಿರಲಿಲ್ಲ. ಅವರ ಹೆಜ್ಜೆಯ ಸದ್ದನ್ನು ಮಾತ್ರ ಸಿನಿಮಾ ನೋಡುವ ಜನರೆಲ್ಲ ಕೇಳಿದ್ದರು. ನಾಯಕ ಮಹಡಿಯ ಮೆಟ್ಟಿಲನ್ನು ದಡದಡನೆ ಹತ್ತಿದರೆ ಅದು ಮೇಷ್ಟ್ರ ಹೆಜ್ಜೆ. ನಾಯಕಿ ಹಿಂಬಾಗಿಲಿನಿಂದ ಕಳ್ಳಹೆಜ್ಜೆಯಿಟ್ಟು ಹೊರಬಿದ್ದರೆ ಅದೂ ಅವರದೇ. ಖಳನಾಯಕನ ಹಿಮ್ಮಡಿಯ ಟಕಟಕ, ಮುದುಕನ ಊರುಗೋಲು, ಕಡೆಗೆ ಬೆಟ್ಟದ ದಾರಿಯಲ್ಲಿ ಓಡುವ ಕುದುರೆಯ ಗೊರಸು, ಎಲ್ಲವೂ ಅವರದೇ. ಚಿತ್ರೀಕರಣದ ಗದ್ದಲದಲ್ಲಿ ಕಳೆದುಹೋದ ಇಂಥ ಸಣ್ಣ ಸದ್ದುಗಳನ್ನು, ಪರದೆಯ ಮೇಲಿನ ಕಾಲುಗಳಿಗೆ ಹೊಂದಿಸಿ, ಸ್ಟುಡಿಯೊದ ಮೌನದಲ್ಲಿ ಮತ್ತೆ ಹುಟ್ಟಿಸುವುದು ಅವರ ಕಸುಬು. ಆ ಕಸುಬಿನ ಉಳಿದವರು ಬೂಟನ್ನು ಕಾಲಿಗೆ ಹಾಕಿಕೊಂಡು ನಿಂತಲ್ಲೇ ನಡೆಯುತ್ತಾರೆ. ಮೇಷ್ಟ್ರು ಗಿಡ್ಡ ಸ್ಟೂಲೊಂದರ ಮೇಲೆ ಕುಳಿತು, ಮುಂದಕ್ಕೆ ಬಾಗಿ, ಬೂಟುಗಳನ್ನು ಕೈಗೆ ತೊಟ್ಟು, ಜಾರದಿರಲೆಂದು ಲೇಸನ್ನು ಹಲ್ಲಿನಿಂದ ಎಳೆದು ಮಣಿಕಟ್ಟಿಗೆ ಬಿಗಿದುಕೊಂಡು, ಮರದ ಹಲಗೆಯ ಮೇಲೋ ಮರಳಿನ ತಟ್ಟೆಯ ಮೇಲೋ ಅಂಗೈಗಳನ್ನು ನಡೆಸುತ್ತಿದ್ದರು.

ಬಿರುಬೇಸಗೆಯಲ್ಲೂ ಮೈಮೇಲೊಂದು ಕಂದುಬಣ್ಣದ ಉದ್ದನೆಯ ಕೋಟು. ಅದರ ಜೇಬುಗಳಲ್ಲಿ ಬಿಡಿ ಲೇಸು, ಹಿಮ್ಮಡಿಯ ತುಂಡು, ಸಣ್ಣ ಸುತ್ತಿಗೆ, ಸೂಜಿದಾರ. ಎಲ್ಲರಿಗಿಂತ ಮೊದಲು ಬಂದು ಸ್ಟೂಲಿನ ಮೇಲೆ ಪ್ರತಿಷ್ಠಾಪನೆಗೊಂಡರೆಂದರೆ, ಎಲ್ಲರೂ ಹೋದ ಮೇಲೆಯೇ ಏಳುವುದು. ಸಂಭಾಷಣೆ ತಿದ್ದುವ ನೆಪದಲ್ಲಿ ಅಲ್ಲಿ ಕಾಲಕಳೆಯುತ್ತಿದ್ದ ನಾನು ಒಮ್ಮೆ, "ಬನ್ನಿ ಮೇಷ್ಟ್ರೆ, ಹೊರಗೆ ಹೋಗಿ ಟೀ ಕುಡಿಯೋಣ" ಎಂದು ಕರೆದಿದ್ದೆ. "ನೀವು ಮುಂದೆ ಹೋಗಿರಿ, ಬಂದೆ" ಎಂದರು. ನಾನು ಕುಡಿದು, ಲೋಟ ತೊಳೆದಿಟ್ಟು, ವಾಪಸು ಬಂದಾಗಲೂ ಅವರು ಹಾಗೆಯೇ "ಬಂದೆ, ಬಂದೆ" ಎನ್ನುತ್ತಿದ್ದರು.

ಹೊಸ ಚಿತ್ರ ಬಂದಾಗಲೆಲ್ಲ ಅವರು ನಿರ್ದೇಶಕರನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. ಪಾತ್ರದ ಜಾತಕವಾಗಲಿ ವಯಸ್ಸಾಗಲಿ ಅವರಿಗೆ ಬೇಡ. ಬೂಟಿನ ಧೂಳು ಕೊಡವುತ್ತ ಮೆಲ್ಲಗೆ ಕೇಳುವರು: "ಇವರಿಗೆ ಮನೇಲಿ ಯಾರಾದ್ರೂ ಕಾಯ್ತಿದ್ದಾರಾ?" ಕಾಯುವವರಿರುವವನ ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗುವುದಿಲ್ಲ, ಕಾಯುವವರಿಲ್ಲದವನದು ನೆಲ ಬಿಟ್ಟೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ನಿರ್ದೇಶಕರು ತಲೆ ಕೆರೆದುಕೊಂಡು ಏನೋ ಒಂದು ಉತ್ತರ ಕೊಟ್ಟು ಪಾರಾಗುತ್ತಿದ್ದರು.

ಅವರು ಹಿಂದೆ ನರ್ತಕರಾಗಿದ್ದವರು. ಹಾಡುಗಳಲ್ಲಿ ನಾಯಕನ ಹಿಂದಿನ ಸಾಲಿನಲ್ಲಿ ಕುಣಿಯುವವರ ಪೈಕಿ ಒಬ್ಬರು. ಚಿತ್ರೀಕರಣದ ವೇಳೆ ಮರದ ಅಟ್ಟವೊಂದು ಕುಸಿದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡರೂ ಎಡಗಾಲು ಕೂಡಿಬರಲಿಲ್ಲ. ಆ ನೋವನ್ನಾದರೂ ಅವರು ನುಂಗಿಕೊಂಡಿದ್ದರೇನೋ. ಮಗನ ಕುಣಿತವೆಂದರೆ ಜೀವ ಬಿಡುತ್ತಿದ್ದ ತಾಯಿ, ಆಸ್ಪತ್ರೆಯಿಂದ ಬಂದ ಮಗ ಕುಂಟುತ್ತ ಅಡುಗೆಮನೆ ದಾಟಿದಾಗಲೆಲ್ಲ ಒಲೆಯ ಕಡೆ ತಿರುಗಿಬಿಡುತ್ತಿದ್ದರಂತೆ. "ನೋಡೋಕಾಗ್ತಿರಲಿಲ್ಲ ಅಮ್ಮಂಗೆ. ಪಾಪ, ಎಷ್ಟು ಸಲ ಅಂತ ತಿರುಗ್ತಾಳೆ? ನಾನೇ ಅವಳ ಮುಂದೆ ನಡೆಯೋದು ಬಿಟ್ಟೆ" ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು. ತಾಯಿಯ ಮುಂದೆ ಬಿಟ್ಟ ನಡಿಗೆಯನ್ನು ಅವರು ಲೋಕದ ಮುಂದೆಯೂ ಬಿಟ್ಟರು.

ಅದೇ ಧ್ವನಿಮುದ್ರಣ ಕೋಣೆಯಲ್ಲಿ, ಅದೇ ಮೈಕಿನೆದುರು, ನಾಯಕಿಯರಿಗೆ ಕಂಠದಾನ ಮಾಡುತ್ತಿದ್ದ ಹೆಂಗಸೊಬ್ಬರಿದ್ದರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬೆಳಗ್ಗೆ ಮಾತು, ಮಧ್ಯಾಹ್ನ ಹೆಜ್ಜೆ ಎಂಬುದು ಸ್ಟುಡಿಯೊದ ಪದ್ಧತಿಯಾದ್ದರಿಂದ ಮೂಲೆಯ ಸ್ಟೂಲಿನಲ್ಲಿ ಕುಳಿತ ಮೇಷ್ಟ್ರು ಆಕೆಯ ಕೆಲಸವನ್ನು ದಿನವೂ ಕೇಳುತ್ತಿದ್ದರು. ಅಳು ಎಂದರೆ ಆಕೆಗೆ ನೀರು ಕುಡಿದಷ್ಟು ಸುಲಭ. ನಗು ಮಾತ್ರ ಬರುತ್ತಿರಲಿಲ್ಲ. ಹಿಂದೊಂದು ಬೆಳಗ್ಗೆ ಆಕೆ ಯಾವುದೋ ನಾಯಕಿಗಾಗಿ ಖಿಲಖಿಲನೆ ನಗುತ್ತಿದ್ದ ಹೊತ್ತಿನಲ್ಲೇ ಆಕೆಯ ಗಂಡನಿಗೆ ಎದೆನೋವು ಬಂದಿತ್ತು; ಸುದ್ದಿ ತಂದವರು ಹೊರಗೆ ನಿಂತೇ ಇದ್ದರು, ಧ್ವನಿಮುದ್ರಣದ ಕೆಂಪು ದೀಪ ಉರಿಯುತ್ತಿದ್ದುದರಿಂದ ಯಾರೂ ಬಾಗಿಲು ತೆರೆಯಲಿಲ್ಲ. ಆಕೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ನಗುವ ದೃಶ್ಯ ಬಂದರೆ ಧ್ವನಿಮುದ್ರಕ ಆಕೆಯ ಹಿಂದಿನ ಯಾವುದೋ ಚಿತ್ರದ ನಗುವನ್ನು ತೆಗೆದು ಅಂಟಿಸುತ್ತಿದ್ದ. ಎಷ್ಟೋ ನಾಯಕಿಯರು ಒಂದೇ ನಗು ನಕ್ಕರು. ಪ್ರೇಕ್ಷಕ ಮಹಾಶಯ ಗಮನಿಸಲಿಲ್ಲ.

ಇವರಿಬ್ಬರ ನಡುವೆ ಮಾತೇನೂ ಹೆಚ್ಚಿರಲಿಲ್ಲ. ಗಂಟಲಿಗೆಂದು ಆಕೆ ತರುತ್ತಿದ್ದ ಬಿಸಿನೀರಿನ ಫ್ಲಾಸ್ಕನ್ನು ಕೆಲಸ ಮುಗಿದ ಮೇಲೆ ಮೇಷ್ಟ್ರ ಸ್ಟೂಲಿನ ಬಳಿ ಇಟ್ಟು ಹೋಗುವರು. ಆಕೆ ಬಂದು ಸ್ಟೂಲಿನ ಪಕ್ಕದ ಬೆಂಚಿನಲ್ಲಿ ಕೂತು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಬಾರು ಸಡಿಲಾಗಿದೆಯೆಂದು ಕಂಡುಕೊಂಡ ಮೇಷ್ಟ್ರು, ಆಕೆ ಮೈಕಿನ ಮುಂದೆ ಬರಿಗಾಲಲ್ಲಿ ಅಳುತ್ತಿರುವಾಗ ಅದನ್ನು ಹೊಲಿದು ಸ್ವಸ್ಥಾನದಲ್ಲಿಡುವರು. "ಯಾರು ಮೇಷ್ಟ್ರೆ ಇದು ಸರಿ ಮಾಡಿದ್ದು?" ಎಂದು ಆಕೆ ಕೇಳಿದರೆ, ಸೂಜಿದಾರ ಕೋಟಿನ ಜೇಬಿನಿಂದ ಇಣುಕುತ್ತಿದ್ದರೂ, "ನಾನೇನು ಕಂಡೆ ಮೇಡಂ" ಎನ್ನುವರು. ಸ್ಟುಡಿಯೊದ ಗೋಡೆಗಳಿಗೂ ವಿಷಯ ಗೊತ್ತಿತ್ತು, ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಆಗ ಆ ಪ್ರೇಮಚಿತ್ರ ಬಂತು. ಬೆಂಕಿಯಲ್ಲಿ ಕೈಸುಟ್ಟುಕೊಂಡು ಅಂಗೈಗಳನ್ನು ಯಾರಿಗೂ ತೋರದೆ ಬಾಳುವ ಒಬ್ಬಳು, ಮಗುವನ್ನು ಕಳೆದುಕೊಂಡು ಮಾತು ಮರೆತ ಒಬ್ಬ. ಒಬ್ಬರ ಗಾಯಕ್ಕೆ ಇನ್ನೊಬ್ಬರು ಮದ್ದಾಗುವ ಕಥೆ. ಕೊನೆಯ ದೃಶ್ಯದಲ್ಲಿ ಅವನು ಅವಳ ಮನೆಯ ಉದ್ದನೆಯ ಪಡಸಾಲೆಯಲ್ಲಿ ನಡೆದುಬರುತ್ತಾನೆ. ಅವಳು ಆ ಸುಟ್ಟ ಕೈಗಳಲ್ಲೇ ಮುಖ ಮುಚ್ಚಿಕೊಂಡು, ಮೊದಲ ಬಾರಿಗೆ ನಗುತ್ತಾಳೆ. ಅಂಟಿಸಿದ ಹಳೆಯ ನಗು ಅಲ್ಲಿ ಕೂರಲೇ ಇಲ್ಲ. ಅದು ಏನೂ ಕಳೆದುಕೊಳ್ಳದ ಹುಡುಗಿಯ ನಗು. ನಿರ್ದೇಶಕರು ಕೈಚೆಲ್ಲಿದರು. "ಮೇಡಂ, ಮಧ್ಯಾಹ್ನದವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಇಡೀ ಪಾತ್ರಕ್ಕೇ ಬೇರೆಯವರನ್ನ ಕರೆಸ್ಬೇಕಾಗುತ್ತೆ. ನನ್ನ ಕಷ್ಟಾನೂ ಅರ್ಥ ಮಾಡ್ಕೊಳ್ಳಿ" ಎಂದು ಹೊರಗೆ ಟೀ ಕುಡಿಯಲು ಹೋದರು.

ಬಿಡುಗಡೆಯ ಅವಸರದಿಂದಾಗಿ ಅಂದು ಮಾತೂ ಹೆಜ್ಜೆಯೂ ಒಟ್ಟೊಟ್ಟಿಗೇ ನಡೆದಿದ್ದವು. ಮೇಷ್ಟ್ರು ನಾಯಕನ ಬೂಟನ್ನು ಕೈಗೆ ಬಿಗಿದುಕೊಂಡು ಸರದಿಗಾಗಿ ಕುಳಿತಿದ್ದರು. ಆಕೆ ಒಬ್ಬರೇ ಮೈಕಿನ ಮುಂದೆ ನಿಂತು ನಗಲು ಹೆಣಗಿದರು. ಹೆಣಗಿದಷ್ಟೂ ಕೆಮ್ಮು ಹತ್ತಿಕೊಂಡಿತು, ನಿಲ್ಲಲೊಲ್ಲದು. ಫ್ಲಾಸ್ಕನ್ನು ಅಂದು ಮುಂಚೆಯೇ ಕೋಣೆಯ ಆ ತುದಿಯಲ್ಲಿ, ಮೇಷ್ಟ್ರ ಬಳಿ ಇಟ್ಟುಬಿಟ್ಟಿದ್ದರು. ಗಾಜಿನ ಆಚೆ ಧ್ವನಿಮುದ್ರಕನ ಪಕ್ಕದಲ್ಲಿ ಕುಳಿತಿದ್ದ ನಾನು ಎದ್ದೆನೋ ಇಲ್ಲವೋ, ಮೇಷ್ಟ್ರು ಎದ್ದುಬಿಟ್ಟರು. ಲೇಸು ಬಿಚ್ಚುವ ವ್ಯವಧಾನವೂ ಇಲ್ಲದೆ, ಫ್ಲಾಸ್ಕಿನ ಮುಚ್ಚಳದಲ್ಲಿ ಆಕೆ ತುಂಬಿಟ್ಟಿದ್ದ ನೀರನ್ನು ಎರಡೂ ಬೂಟುಗಳ ನಡುವೆ ಅವುಚಿಕೊಂಡು, ಬರಿಗಾಲಲ್ಲಿ, ಒಂದು ಹೆಜ್ಜೆ ಊರಿ ಇನ್ನೊಂದನ್ನು ಎಳೆಯುತ್ತ, ನೀರನ್ನೆಲ್ಲ ಕೋಟಿನ ಮೇಲೆ ತುಳುಕಿಸಿಕೊಳ್ಳುತ್ತ, ಬಹಳ ಗಂಭೀರವಾಗಿ ಹೇಳಿದರು: "ಸ್ವಲ್ಪ ತಡ್ಕೊಳ್ಳಿ ಮೇಡಂ, ಬಂದೆ."

ಆಕೆ ನಕ್ಕರು. ಮೊದಲು ಕೆಮ್ಮಿನ ನಡುವೆ ಸಿಕ್ಕಿಕೊಂಡ ಒಂದು ಎಳೆ, ಆಮೇಲೆ ತಡೆಯಲಾಗದ ಒಂದು ಹೊನಲು, ಅದರ ತಳದಲ್ಲಿ ಅಳುವಿನ ಒಂದು ಒರತೆ. ಮೇಷ್ಟ್ರು ಅರ್ಧ ದಾರಿಯಲ್ಲಿ ನಿಂತರು. ತಾನು ಎಲ್ಲಿದ್ದೇನೆ, ಹೇಗೆ ಬಂದೆ ಎಂಬುದು ಆಗ ಅರಿವಾಗಿ, ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಕೆಗೆ ಅದು ಕಂಡಿತು. "ನಕ್ಕಿದ್ದು ಕಾಲಿಗಲ್ಲ ಮೇಷ್ಟ್ರೆ, ದೇವರಾಣೆ ಕಾಲಿಗಲ್ಲ" ಎಂದರು ಕಣ್ಣೊರೆಸಿಕೊಳ್ಳುತ್ತ. "ಕೈಗೆ ಬೂಟು ಹಾಕ್ಕೊಂಡು ನೀರು ತರ್ತಾರೇನ್ರೀ ಯಾರಾದ್ರೂ!"

ಯಂತ್ರ ನಿಲ್ಲಿಸುವ ಅಭ್ಯಾಸವೇ ಇಲ್ಲದ ಧ್ವನಿಮುದ್ರಕ ಇದನ್ನೆಲ್ಲ ಹಿಡಿದಿಟ್ಟಿದ್ದ. ಟೀ ಮುಗಿಸಿ ಬಂದ ನಿರ್ದೇಶಕರು ಕೇಳಿ ಕುರ್ಚಿಯಿಂದ ಜಿಗಿದೆದ್ದರು. ತಮಗೆ ಬೇಕಾದದ್ದು ಇದೇ ನಗು ಎಂದರು. ನಾಯಕಿ ಮುಖ ಮುಚ್ಚಿಕೊಂಡಿದ್ದರಿಂದ ತುಟಿ ಹೊಂದಿಸುವ ತಕರಾರೂ ಇರಲಿಲ್ಲ. ತಕರಾರಿದ್ದದ್ದು ನಗುವಿನ ಕೆಳಗೆ. ಮೇಷ್ಟ್ರ ಹೆಜ್ಜೆ ಅದರಲ್ಲಿ ನೀರಿನಲ್ಲಿ ಉಪ್ಪಿನಂತೆ ಬೆರೆತುಹೋಗಿತ್ತು, ಬೇರ್ಪಡಿಸುವ ಉಪಾಯವಿರಲಿಲ್ಲ. ನಗು ಬೇಕಾದರೆ ಕುಂಟುವ ಕಾಲೂ ಊರೂರಿನ ಥಿಯೇಟರುಗಳಿಗೆ ಹೋಗಬೇಕು.

"ಅಳಿಸಿ," ಎಂದರು ಮೇಷ್ಟ್ರು. ಸ್ಟೂಲಿಗೆ ಮರಳಿದ್ದರು. "ಪರದೆ ಮೇಲೆ ಬೂಟು, ಸದ್ದಲ್ಲಿ ಬರಿಗಾಲು. ಅದೂ ಇಂಥಾ ಕಾಲು. ಇಷ್ಟು ವರ್ಷದಲ್ಲಿ ನಾನು ಇಂಥಾ ಕೆಲಸ ಹೊರಗೆ ಬಿಟ್ಟಿಲ್ಲ."

ಅಳಿಸಿದರೆ ಆಕೆಯ ಕೆಲಸ ಹೋಗುತ್ತದೆ, ಆ ನಗು ಮತ್ತೆ ಬರುವ ಭರವಸೆಯೂ ಇಲ್ಲ. ಆಕೆಯೇ ಮುಂದೆ ಬಂದರು. "ಅಳಿಸಿಬಿಡಿ ಸಾರ್. ಅವರಿಗೆ ಬೇಡ ಅಂದ್ರೆ ನನಗೂ ಬೇಡ. ನಗು ಬಂತಲ್ಲ, ನನಗೆ ಅಷ್ಟು ಸಾಕು."

ಮೇಷ್ಟ್ರು ತಲೆಯೆತ್ತಿ ಆಕೆಯನ್ನು ನೋಡಿದರು. "ಇನ್ನೊಂದ್ಸಲ ಹಾಕಿ, ಕೇಳೋಣ" ಎಂದರು. ಕಣ್ಣು ಮುಚ್ಚಿ, ಪರರ ಹೆಜ್ಜೆ ಕೇಳುವ ಹಾಗೆ ಕೇಳಿದರು. ಊರಿದ ಹೆಜ್ಜೆ, ಎಳೆದ ಹೆಜ್ಜೆ, ಮತ್ತೆ ಊರಿದ್ದು. ಆಮೇಲೆ ತಮ್ಮಷ್ಟಕ್ಕೆ ತಾವೇ ಆಡಿಕೊಂಡಂತೆ ಅಂದರು: "ಇವನಿಗೆ ಯಾರೋ ಕಾಯ್ತಿದ್ದಾರೆ. ಹಿಮ್ಮಡಿ ನೆಲಕ್ಕೆ ತಾಗೇ ಇಲ್ಲ ನೋಡಿ." ಹಲ್ಲಿನಿಂದ ಲೇಸು ಬಿಚ್ಚತೊಡಗಿದರು. "ಇರ್ಲಿ ಬಿಡಿ."

ಚಿತ್ರ ಹಾಗೆಯೇ ಬಿಡುಗಡೆಯಾಯಿತು. ಬೂಟು ತೊಟ್ಟ ನಾಯಕ ಕೊನೆಯ ದೃಶ್ಯದಲ್ಲಿ ಬರಿಗಾಲಿನ ಸದ್ದು ಮಾಡುತ್ತ, ಕುಂಟದಿದ್ದರೂ ಕುಂಟುತ್ತ ಬರುತ್ತಾನೆ. ವಿಮರ್ಶಕರೊಬ್ಬರು ಇದರಲ್ಲಿ ನಿರ್ದೇಶಕರ ಅಪೂರ್ವ ಸೂಕ್ಷ್ಮತೆಯನ್ನು ಕಂಡು ಉದ್ದನೆಯ ಲೇಖನ ಬರೆದರು. ನಿರ್ದೇಶಕರು ವಿನಯದಿಂದ ಒಪ್ಪಿಕೊಂಡರು. ಮೇಷ್ಟ್ರೂ ಮೇಡಮ್ಮೂ ಒಂದೇ ಮನೆ ಮಾಡಿದರು. ಕೋಟು ಈಗ ಮೊಳೆಗೆ ನೇತುಬಿದ್ದಿದೆ. ಮೇಷ್ಟ್ರು ಬೀದಿಯಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತಾರೆ. ಟೀಗೆ ಕರೆದರೆ ನನಗಿಂತ ಮೊದಲೇ ಎದ್ದು, ಅರ್ಧ ಕುಡಿದು, "ಬರ್ತೀನಪ್ಪ, ಮನೇಲಿ ಕಾಯ್ತಿರ್ತಾರೆ" ಎಂದು ಹೊರಟುಬಿಡುತ್ತಾರೆ.

ಒಮ್ಮೆ ಅವರ ಜೊತೆಗೇ ಹೋಗಿದ್ದೆ. ಮಹಡಿಯ ಬಾಗಿಲಲ್ಲಿ ಆಕೆ ನಿಂತಿದ್ದರು. ಮೇಷ್ಟ್ರು ಕಂಬಿ ಹಿಡಿದು, ಕಾಲೆಳೆಯುತ್ತ, ಒಂದೊಂದೇ ಮೆಟ್ಟಿಲು ಹತ್ತಿದರು. ಕೊನೆಯ ಮೆಟ್ಟಿಲಿನವರೆಗೂ ಆಕೆ ಮುಖ ತಿರುಗಿಸಲಿಲ್ಲ. ಪರರ ಬದುಕಿಗೆ ದನಿಯನ್ನೂ ನಡಿಗೆಯನ್ನೂ ಎರವಲು ಕೊಟ್ಟು, ತಮ್ಮದನ್ನು ಕತ್ತಲಲ್ಲಿ ಬಚ್ಚಿಟ್ಟುಕೊಂಡ ಇಂಥವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ಅವರ ಗಾಯ ಪೂರ್ತಿ ಮಾಯುತ್ತದೆಂದು ನಾನು ಹೇಳಲಾರೆ. ಮೇಷ್ಟ್ರ ಕಾಲು ಇಂದಿಗೂ ಹಾಗೆಯೇ ಇದೆ. ಆದರೆ ತಾವು ಕುಂಟುತ್ತ ಬರುವುದನ್ನು ಕಣ್ಣು ತುಂಬ ನೋಡುವ ಒಬ್ಬರು ಬಾಗಿಲಲ್ಲಿ ನಿಂತಿದ್ದರೆ, ಇಂಥವರು ಎಷ್ಟು ಮೆಟ್ಟಿಲನ್ನಾದರೂ ಹತ್ತಿಬಿಡುತ್ತಾರೆ.