ಕೆಳಗಿನವಳು ಕೂತಿದ್ದಾಳಾ?

ಪೈಪಿನ ಮೇಲೆ ಸೌಟಿನಿಂದ ಟೊಕ್ ಟೊಕ್ ಎಂದು ಬಡಿದ ಸದ್ದು ಇಳಿದು ಬಂದರೆ, ನೆಲಮಹಡಿಯ ಬಾಡಿಗೆಮನೆಯಲ್ಲಿ ಅವಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಬೇಕು. ನೀರು ಹೋಗುವ ಜಾಲರಿಯ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ ಬಟ್ಟೆಗಂಟು ಒತ್ತಿ, ಅದರ ಮೇಲೆ ಸೈಜುಗಲ್ಲು ಇಟ್ಟು, ಕಲ್ಲಿನ ಮೇಲೆ ತಾನು ಕೂರಬೇಕು. ಕೂತ ಮೇಲೆ ಮೂಲೆಯ ಪೈಪಿಗೆ ಚೊಂಬಿನಿಂದ ತಿರುಗಿ ಬಡಿಯಬೇಕು. ಕೂತಿದ್ದೇನೆ ಎಂದು ಅದರ ಅರ್ಥ. ಆಮೇಲೆ ಎರಡನೇ ಮಹಡಿಯಲ್ಲಿ ಓನರ್ ಮನೆಯವರ ಸ್ನಾನ ಶುರುವಾಗುತ್ತದೆ, ವಾಷಿಂಗ್ ಮಷೀನು ತಿರುಗುತ್ತದೆ. ಮೇಲಿನವರು ಸುರಿದದ್ದೆಲ್ಲ ಗೋಡೆಯೊಳಗೆ ಧಡಧಡನೆ ಇಳಿದು, ಅವಳ ಕಲ್ಲಿನಡಿ ಬಂದು ಗುದ್ದುತ್ತದೆ. ಎದುರಿಗೆ ಕಮೋಡಿನ ನೀರು ಅಂಚಿನವರೆಗೆ ಉಬ್ಬಿ, ಗುಳುಗುಳು ಎಂದು ಅವಳನ್ನು ನೋಡಿ, ಇಳಿಯುತ್ತದೆ.

ಹೀಗೆ ಬೆಳಗಿನ ಹೊತ್ತೆಲ್ಲ. ಒಂದು ದಿನ ಕೂರದಿದ್ದರೆ ನಡುಮನೆಯ ಚಾಪೆಯವರೆಗೆ ಬರುತ್ತಿತ್ತು. ಏನು ಬರುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಮೂರು ಮನೆಯ ಹೊಟ್ಟೆಯಲ್ಲಿದ್ದದ್ದು.

ಆ ಕಟ್ಟಡದಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಓನರಮ್ಮ ತನ್ನ ಬಚ್ಚಲಿನಿಂದಲೇ ಕೂಗುತ್ತಿದ್ದಳು: "ಕೆಳಗಿನವಳು ಕೂತಿದ್ದಾಳಾ?"

ಮದುವೆಗೆ ಮುಂಚೆ ಅವಳು ಕನ್ನಡಕದ ಗಾಜು ಅರೆಯುವ ಕಾರ್ಖಾನೆಯಲ್ಲಿದ್ದಳು. ಗಾಜನ್ನು ತಿರುಗುವ ಚಕ್ರಕ್ಕೆ ತಾಗಿಸಿ, ಬೆರಳ ತುದಿಯಲ್ಲೇ ಅದರ ಉಬ್ಬುತಗ್ಗು ಹೇಳುತ್ತಿದ್ದಳು. ಅಲ್ಲಿಯ ಮೇಸ್ತ್ರಿ ಈಗ ಫೋನು ಮಾಡಿದ್ದ. "ಸೋಮವಾರದಿಂದ ಬರೋದಾದ್ರೆ ಬಾರಮ್ಮ, ಬೆಳಗಿನ ಪಾಳಿ. ಬರದಿದ್ರೆ ಬೇರೆಯವರನ್ನ ಕೂರಿಸ್ತೀನಿ." ಬೆಳಗಿನ ಪಾಳಿ! ಅವಳು ಬಚ್ಚಲ ಕಲ್ಲಿನ ಮೇಲೆ ಕೂತೇ "ಬರ್ತೀನಿ ಸಾರ್" ಎಂದಿದ್ದಳು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಗೋದಾಮಿನ ರಾತ್ರಿ ಕಾವಲು ಮುಗಿಸಿ ಬಂದ ಗಂಡ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

"ರೀ, ಬೆಳಿಗ್ಗೆ ನೀವು ಸ್ವಲ್ಪ ಕೂತ್ಕೊಳ್ಳೋಕಾಗುತ್ತಾ?"

"ರಾತ್ರಿಯಿಡೀ ನಿಂತು ಬಂದಿದೀನಿ ಕಣೇ."

"ಕೂತ್ಕೊಳ್ಳಿ ಅಂತಾನೇ ಹೇಳ್ತಿರೋದು."

"ಬಚ್ಚಲಲ್ಲಿ ಕೂರೋ ಗಂಡಸು ಅಂತ ಬೀದಿಯೆಲ್ಲ ಆಡ್ಕೊಳ್ಳಲಿ ಅಂತಾನಾ? ಅಡ್ಜಸ್ಟ್ ಮಾಡ್ಕೋ." ಹೊದಿಕೆ ತಲೆಯ ಮೇಲೆ ಬಂತು.

ಅತ್ತೆಗೆ ಮನಸ್ಸಿತ್ತು, ಮೈಯಿರಲಿಲ್ಲ. ಒಮ್ಮೆ ಸೊಸೆಗೆ ಜ್ವರ ಬಂದಾಗ ಆಕೆ ಕೂತಿದ್ದಳು. ಗಂಟು ಜಾರಿ, ಕಲ್ಲು ಸರಿದು, ಸೀರೆಯೆಲ್ಲ ಒದ್ದೆಯಾಗಿ ಎದ್ದು ಬಂದಿದ್ದಳು. "ನನ್ನ ತೂಕಕ್ಕೆ ಅದು ಮರ್ಯಾದೆ ಕೊಡೋಲ್ಲ ಕಣೇ," ಎಂದು ತಾನೇ ನಕ್ಕಿದ್ದಳು. "ಈ ಮನೇಲಿ ನನ್ನ ಮಾತಿಗೆ ಇರೋ ಬೆಲೆನೇ ಅದಕ್ಕೂ ಗೊತ್ತಾಗಿದೆ."

ಅವಳು ಪ್ಲಂಬರನ್ನು ಕರೆಸಿದಳು. ಇಡೀ ಕಟ್ಟಡಕ್ಕೆ ಪೈಪು ಕೂರಿಸಿದವನು ಅವನೇ. ಬಾಗಿಲಲ್ಲೇ ನಿಂತು, ಒಳಗೂ ಬರದೆ, ಪಾಠ ಒಪ್ಪಿಸುವವನಂತೆ ಹೇಳಿದ:

"ಮೇಲಿಂದ ನೆಟ್ಟಗೆ ಬರೋ ಪೈಪನ್ನ ಕೆಳಗೆ ಒಂದೇ ಸಲಕ್ಕೆ ಮಡಚಿದೀವಿ. ನೀರು ಅಲ್ಲಿ ಬಂದು ಗುದ್ದುತ್ತೆ. ಆ ಮಡಚಿದ ಜಾಗಕ್ಕೇ ನಿಮ್ಮನೆ ಲೈನು ಸೇರಿಸಿದೀವಿ. ಮುಂದೆ ಹೋಗೋಕೆ ದಾರಿ ಸಾಲದಿದ್ರೆ ನಿಮ್ಮನೆಗೆ ಬರುತ್ತೆ. ತಾರಸಿ ಮೇಲೆ ಪೈಪಿನ ಬಾಯಿ ತೆರೆದಿರಬೇಕು, ಉಸಿರಾಡೋಕೆ. ಅದನ್ನೂ ಮುಚ್ಚಿದೀವಿ."

"ದೀವಿ ದೀವಿ ಅಂದ್ರೆ ಯಾರು?"

"ನಾನೇ ಅಮ್ಮ."

"ಗೊತ್ತಿದ್ದೂ ಮಾಡಿದ್ರಾ?"

"ಓನರ್ ಸಾಯಂಕಾಲ ತಾರಸೀಲಿ ಗಾಳಿ ತಗೊಳ್ತಾರೆ. ವಾಸನೆ ಬರುತ್ತೆ, ಮುಚ್ಚು ಅಂದ್ರು. ಗಾಳಿ ನಿಮಗೆ ಬೇಕಾ ಪೈಪಿಗೆ ಬೇಕಾ ಅಂತ ನಾನು ಕೇಳೋಕಾಗುತ್ತಾ?"

"ಈಗ ಸರಿ ಮಾಡೋಕಾಗೋಲ್ವಾ?"

"ಯಾಕಾಗೋಲ್ಲ? ನಿಮ್ಮ ಲೈನು ಬಿಡಿಸಿ ನೇರ ಅಂಗಳದ ಚರಂಡಿ ಚೇಂಬರಿಗೆ ಕೊಟ್ರೆ ಮುಗೀತು. ಓನರ್ ಹೂಂ ಅನ್ನಲಿ, ನಾಳೆನೇ ಅಗೀತೀನಿ." ಅವನು ಚಪ್ಪಲಿ ಮೆಟ್ಟಿದ. "ಅನ್ನೋಲ್ಲ ಬಿಡಿ."

ಕಟ್ಟಿಸಿದವನ ಗಾಳಿಗಾಗಿ ಪೈಪಿನ ಉಸಿರು ಕಟ್ಟಿತು. ಪೈಪು ಉಸಿರು ಹುಡುಕಿಕೊಂಡು ಕೆಳಗಿನವಳ ಬಚ್ಚಲಿಗೆ ಬಂತು. ಅವಳು ಅದರ ಮೇಲೆ ಕೂತು ತನ್ನ ಉಸಿರು ಹಿಡಿದಳು. ಇದಕ್ಕೆ ಎಲ್ಲರೂ ಹೊಂದಾಣಿಕೆ ಎಂದು ಹೆಸರಿಟ್ಟಿದ್ದರು.

ಶನಿವಾರ ಮೆಟ್ಟಿಲು ಹತ್ತಿದಳು. ಓನರ್ ಒಳ್ಳೆಯ ಮನುಷ್ಯ. ಎಂದೂ ದನಿ ಎತ್ತಿದವನಲ್ಲ. ಎತ್ತುವ ಅಗತ್ಯ ಬಿದ್ದಿರಲಿಲ್ಲ.

"ಬಾಮ್ಮ, ನೀನು ನಮ್ಮನೆ ಮಗಳಿದ್ದ ಹಾಗೆ. ಆದ್ರೆ ನೀರು ಕೆಳಗಡೆ ಹರಿಯೋದು ಸೃಷ್ಟಿ ನಿಯಮ. ಅದಕ್ಕೆ ನಾನೇನು ಮಾಡ್ಲಿ?"

"ಕೆಳಗಡೆ ಹರೀಲಿ ಸಾರ್. ಇದು ಮೇಲಕ್ಕೆ ಬರ್ತಿದೆ."

ಓನರಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ನಾನು ಬಡಿಯದೇ ಒಂದು ದಿನನಾದ್ರೂ ಮಷೀನು ಹಾಕಿದೀನಾ ಹೇಳು? ಬೇರೆ ಯಾರಾದ್ರೂ ಆಗಿದ್ರೆ ಕೇಳ್ತಾನೂ ಇರ್ಲಿಲ್ಲ."

"ಸೋಮವಾರದಿಂದ ಕೆಲಸಕ್ಕೆ ಹೋಗ್ತಿದೀನಮ್ಮ."

"ಅಯ್ಯೋ! ಮತ್ತೆ ಯಾರು ಕೂತ್ಕೊಳ್ತಾರೆ?"

ಕೇಳಿದ ರೀತಿ ಹೇಗಿತ್ತೆಂದರೆ, ಅವಳನ್ನು ಆ ಕೆಲಸಕ್ಕೇ ನೇಮಿಸಿಕೊಂಡಿದ್ದು, ಅವಳು ಹೇಳದೆ ಕೇಳದೆ ಬಿಟ್ಟು ಹೋಗುತ್ತಿರುವ ಹಾಗೆ.

ಓನರ್ ಸ್ವಲ್ಪ ಯೋಚಿಸಿದ. ಎದ್ದು ಹೋಗಿ ಬಾಲ್ಕನಿಯಿಂದ ಒಂದು ಮರದ ಸ್ಟೂಲು ತಂದ. "ಕಲ್ಲಿನ ಮೇಲೆ ಕೂತು ಕೂತು ಸೊಂಟ ನೋಯುತ್ತೆ ಪಾಪ. ಇದನ್ನ ತಗೊಂಡೋಗು."

ಅವಳು ಬರಿಗೈಯಲ್ಲಿ ಇಳಿದು ಬಂದಳು.

ಮರುದಿನ ಭಾನುವಾರ ತಾನೇ ಸಿಮೆಂಟು ತಂದು ಹಿಟ್ಟಿನ ಹಾಗೆ ಕಲಸಿದಳು. ಜಾಲರಿ ಕಿತ್ತು, ಒಡೆದ ಇಟ್ಟಿಗೆ ತುರುಕಿ, ಮೇಲೆ ಮೆತ್ತಿದಳು. ಕಮೋಡಿನ ಕೊರಳಿಗೂ ಹಾಗೇ. ಅಂಗಳದ ಮೂಲೆಯಲ್ಲಿ, ಕಟ್ಟಡ ಕಟ್ಟುವಾಗ ಕೂಲಿಯವರಿಗೆಂದು ಮಾಡಿದ ಕಕ್ಕಸಿತ್ತು. ಅದಕ್ಕೆ ಬಾಗಿಲಿರಲಿಲ್ಲ. ಆದರೆ ಅದರ ಪೈಪು ನೇರ ಚೇಂಬರಿಗೆ ಹೋಗುತ್ತಿತ್ತು. ಅದು ಒಂದು ದಿನವೂ ಕಟ್ಟಿಕೊಂಡದ್ದಿಲ್ಲ. ಅದನ್ನು ತಿಕ್ಕಿ ತೊಳೆದು, ಅಡ್ಡಲಾಗಿ ಹಳೆಯ ದುಪ್ಪಟಿ ಕಟ್ಟಿದಳು.

ಗಂಡ ಎದ್ದು ಬಚ್ಚಲು ನೋಡಿ ಹೌಹಾರಿದ. "ತಲೆ ನೆಟ್ಟಗಿದೆಯಾ? ನಮ್ಮಮ್ಮ ಬಾಗಿಲಿಲ್ಲದ ಕಡೆ ಹೋಗ್ಬೇಕಾ?"

"ನಾನು ಹೋಗಿ ಬಂದೂ ಆಯ್ತು," ಎಂದಳು ಅತ್ತೆ. "ಗಾಳಿ ಚೆನ್ನಾಗಿ ಬರುತ್ತೆ. ಓನರ್ ತಾರಸಿಗಿಂತ ವಾಸಿ."

ಸೋಮವಾರ ಅವಳು ಹೊರಟಳು. ಚಕ್ರದ ಮುಂದೆ ಕೂತು ಮೊದಲ ಗಾಜು ತಾಗಿಸಿದಾಗ ಬೆರಳಿಗೆ ಎಲ್ಲ ನೆನಪಿತ್ತು. ಕಿವಿ ಮಾತ್ರ ಹೊತ್ತುಹೊತ್ತಿಗೂ ಸೌಟಿನ ಸದ್ದಿಗೆ ಕಾಯುತ್ತಿತ್ತು. ಪಕ್ಕದವಳು ಡಬ್ಬಿಯ ಮುಚ್ಚಳ ಕುಟ್ಟಿದಾಗ ಥಟ್ಟನೆ ಎದ್ದು ನಿಂತುಬಿಟ್ಟಳು. ಎಲ್ಲರೂ ನಕ್ಕರು. ಅವಳೂ ನಕ್ಕು, ಕೂತು, ಮುಂದಿನ ಗಾಜು ಎತ್ತಿಕೊಂಡಳು.

ಸಂಜೆ ಮೆಟ್ಟಿಲ ಬುಡದಲ್ಲಿ ಮೊದಲ ಮಹಡಿಯ ಟೀಚರ್ ಕೂತಿದ್ದಳು. ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುವವಳು, ಎಲ್ಲರಿಗೂ ನಮಸ್ಕಾರ ಹೇಳುವವಳು. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಪಕ್ಕದಲ್ಲಿ ಓನರ್ ಕೊಟ್ಟ ಸ್ಟೂಲಿತ್ತು.

"ನಮ್ಮನೇಲಿ ಬಂತು," ಎಂದಳು. "ಹಾಸಿಗೆವರೆಗೂ. ನಾಳೆಯಿಂದ ನಾನು ಕೂರಬೇಕಂತೆ."

ಕೆಳಗೆ ಬಾಯಿ ಮುಚ್ಚಿದರೆ ಅದು ಮೇಲಿನ ಬಾಯಿ ಹುಡುಕುತ್ತದೆ ಎಂದು ಕೆಳಗಿನವಳಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಸಿಮೆಂಟು ಕಲಸುವಾಗಲೇ ಹೊಳೆದಿತ್ತು. ಓನರ್ ಮನೆಗೇ ಹೋಗಲಿ ಎಂದುಕೊಂಡಿದ್ದಳು. ನಡುವೆ ಒಂದು ಮಹಡಿಯಿದೆ ಎಂಬುದನ್ನು ನೆನೆಯಲು ಇಷ್ಟಪಟ್ಟಿರಲಿಲ್ಲ.

"ಆ ಸಿಮೆಂಟು ಒಡೆದುಬಿಡಿ ಅಕ್ಕ. ನಿಮಗೆ ಅಭ್ಯಾಸ ಇದೆ."

"ಅಭ್ಯಾಸಾನಾ!"

"ನನಗೆ ಶಾಲೆ ಇದೆ."

"ನನಗೆ ಕೆಲಸ ಇದೆ ಟೀಚರೇ! ನಿಮ್ಮದು ಕೆಲಸ, ನಮ್ಮದು ಅಭ್ಯಾಸನಾ? ಇಷ್ಟು ದಿನ ನಿಮ್ಮನೇದೂ ನನ್ನ ಕಲ್ಲಿನ ಕೆಳಗೇ ಬರ್ತಿತ್ತು. ಒಂದು ದಿನ ಬಂದು, ಏನಕ್ಕ ಹೇಗಿದೀರಿ ಅಂದ್ರಾ?"

"ನಿಮ್ಮ ಗಲೀಜು ನನ್ನ ತಲೆ ಮೇಲೆ ಹಾಕಿ ನನಗೇ..."

"ನನ್ನ ಗಲೀಜು? ಪೈಪಿನಲ್ಲಿ ಹೆಸರು ಬರೆದಿರುತ್ತಾ?"

ದನಿ ಏರಿತು. ಇಬ್ಬರೂ ಒಬ್ಬರ ಮುಖಕ್ಕೊಬ್ಬರು ಕೈ ತಿವಿಯುತ್ತಿದ್ದರು. ಆಗ ಮೇಲಿನ ಬಾಲ್ಕನಿಯಿಂದ ಓನರ್ ಬಗ್ಗಿ, ಬಹಳ ಮೃದುವಾಗಿ ಅಂದ: "ನೀವು ನೀವೇ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ. ದಿನ ಬಿಟ್ಟು ದಿನ ಕೂತರೂ ಆಯ್ತು."

ಇಬ್ಬರೂ ತಲೆ ಎತ್ತಿ ನೋಡಿದರು. ಓನರ್ ನಗುತ್ತಿದ್ದ. ಒಳ್ಳೆಯ ಮನುಷ್ಯ.

ಟೀಚರ್ ಪಕ್ಕದ ಸ್ಟೂಲನ್ನು ಕಾಲಿನಿಂದ ಆಚೆ ದೂಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಸಿಮೆಂಟು ಉಳಿದಿದೆಯಾ?"

"ಗಟ್ಟಿಯಾಗಿಬಿಟ್ಟಿದೆ. ಅಂಗಡಿ ಇನ್ನೂ ತೆಗೆದಿರುತ್ತೆ."

"ಆ ದುಪ್ಪಟಿ ಮರೆಯಲ್ಲಿ ನಮ್ಮವರೂ ಬರ್ತಾರೆ, ಮಕ್ಕಳೂ ಬರ್ತಾರೆ."

"ಬರಲಿ. ಸಾಲು ನಿಲ್ಲೋಣ."

ಕತ್ತಲಾಗುವುದರೊಳಗೆ ಮೊದಲ ಮಹಡಿಯ ಬಾಯಿಗಳೂ ಮುಚ್ಚಿದವು.

ಬೆಳಿಗ್ಗೆ ಸೌಟು ಬಡಿಯಿತು. ಯಾರೂ ತಿರುಗಿ ಬಡಿಯಲಿಲ್ಲ. ಮತ್ತೆ ಬಡಿಯಿತು, ಜೋರಾಗಿ. ಓನರಮ್ಮ ಸಿಡುಕಿ ಮಷೀನು ಹಾಕಿಯೇಬಿಟ್ಟಳು. ಕೆಳಗಿನವಳು ತಲೆ ಬಾಚಿಕೊಳ್ಳುತ್ತಾ ಗೋಡೆಯೊಳಗೆ ನೀರು ಇಳಿಯುವುದನ್ನು ಕೇಳಿದಳು. ಬುಡದಲ್ಲಿ ಗುದ್ದಿ, ನಿಂತು, ನಿಧಾನವಾಗಿ ಮೇಲೇರುವುದನ್ನೂ. ತನ್ನ ಮನೆಯನ್ನು ದಾಟಿತು. ಟೀಚರ್ ಮನೆಯನ್ನು ದಾಟಿತು.

ಓನರಮ್ಮ ಚೀರಿದಳು.

ಓನರ್ ಲುಂಗಿ ಎತ್ತಿ ಹಿಡಿದು, ಒದ್ದೆ ಪಾದಗಳ ಗುರುತು ಬಿಡುತ್ತಾ ಇಳಿದು ಬಂದ. ಮೊದಲ ಸಲ ಅವನ ದನಿ ಎಲ್ಲರಿಗೂ ಕೇಳಿಸಿತು. "ಯಾರಾದ್ರೂ ಹೋಗಿ ಬಾಯಿ ತೆಗೀರಿ! ಮನೆಯೆಲ್ಲ ತುಂಬ್ತಿದೆ!"

ಅಂಗಳದ ಕಕ್ಕಸಿನ ಮುಂದೆ ಚೊಂಬು ಹಿಡಿದು ನಿಂತಿದ್ದ ಅತ್ತೆ, ಟೀಚರ್, ಟೀಚರ್ ಗಂಡ, ಯಾರೂ ಅಲ್ಲಾಡಲಿಲ್ಲ.

"ಖಾಲಿ ಮಾಡಿ! ಎರಡೂ ಮನೆಯವರು! ಸಂಜೆಯೊಳಗೆ ಸಾಮಾನು ಬೀದಿಗೆ ಹಾಕಿಸ್ತೀನಿ!"

ಆಗಷ್ಟೇ ಗೋದಾಮಿನಿಂದ ಬಂದಿದ್ದ ಕೆಳಗಿನವಳ ಗಂಡ ಹೆಂಡತಿಯ ಮುಖ ನೋಡಿದ. ಕಾವಲಿನವನ ಕಣ್ಣು ಕೆಂಪಾಗಿತ್ತು. "ಈಗೇನೇ ಮಾಡೋದು?"

"ನೀವು ಇವತ್ತು ಮಲಗಬೇಡಿ," ಎಂದಳು. "ಬಾಗಿಲಲ್ಲಿ ಕೂತ್ಕೊಳ್ಳಿ."

ಅವನು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತ. ಅವಳು ಡಬ್ಬಿ ಎತ್ತಿಕೊಂಡು, ಮಾತನಾಡುತ್ತಲೇ ಇದ್ದ ಓನರನ್ನು ದಾಟಿ ಗೇಟು ತೆರೆದಳು. ಸಂಜೆ ಬರುವಾಗ ಬಾಗಿಲಿಗೆ ಯಾರ ಬೀಗ ಬಿದ್ದಿರುತ್ತದೋ ತಿಳಿಯದು. ಪಾಳಿಗೆ ಹೊತ್ತಾಗಿತ್ತು, ಅವಳು ಓಡತೊಡಗಿದಳು.