ಗಾಡಿಯಡಿಯ ಗಂಟು

ನನ್ನ ಗಂಡ ನರೇಂದ್ರ ಕಾರಿನ ಕೀ ಕೊಡುವಾಗ ಮಗಳನ್ನು ಧಾರೆಯೆರೆದು ಕೊಡುವವರ ಮುಖ ಮಾಡುತ್ತಾರೆ. ಆ ಬೆಳಿಗ್ಗೆಯೂ ಅಷ್ಟೇ. "ನೋಡು ಧನಾ, ತಳ ಒಸಿ ತಾಗಿದ್ರೂ ಕೀ ವಾಪಸ್. ಆಮ್ಯಾಕೆ ನೀನುಂಟು, ಬಸ್ಸುಂಟು," ಎಂದರು. ಲೈಸೆನ್ಸ್ ನನ್ನದು, ಓಡಿಸುವ ಆಸೆ ನನ್ನದು, ಕೀ ಮಾತ್ರ ಅವರ ಜೇಬಿನದು! ಹಲ್ಲು ಕಚ್ಚಿಕೊಂಡು ತಲೆಯಾಡಿಸಿದೆ.

ಕಬ್ಬಾಳಮ್ಮನಿಗೆ ಮಡಿಲಕ್ಕಿ ಕೊಟ್ಟು ಬರಲು ಅತ್ತೆ ದೊಡ್ಡಲಕ್ಷ್ಮಮ್ಮನನ್ನು ಕೂರಿಸಿಕೊಂಡು ರಾಮನಗರದಿಂದ ಹೊರಟೆ. ಕನಕಪುರದ ತಿರುವಿನಲ್ಲಿ ಬಸ್ಸೊಂದು ರಸ್ತೆಯೆಲ್ಲ ತನ್ನದೇ ಎಂಬಂತೆ ಎದುರು ಬಂತು. ಎಡಕ್ಕೆ ಎಳೆದೆ. ಮುಂದಿನ ಚಕ್ರ ಫುಟ್‌ಪಾತ್ ಹತ್ತಿ ದಢ್ ಎಂದು ಕೆಳಗಿಳಿಯಿತು. ಹಿಂದೆಯೇ ಗಾಡಿಯಡಿಯಿಂದ ಸರಸರ ಸದ್ದು.

"ಅದೇನವ್ವಾ ಸದ್ದು?" ಎಂದರು ಅತ್ತೆ.

"ನನ್ ಡ್ರೈವಿಂಗ್ ಮುಗ್ದೋದ ಸದ್ದು ಅತ್ತೆ," ಎಂದೆ. ಅಳುವೇ ಬಂದುಬಿಟ್ಟಿತು.

ಅಲ್ಲೇ ಹೊಂಗೆ ಮರದಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆಯಿಲ್ ತುಂಬಿರುವ ಚೇಂಬರ್ ಒಡೆದರೆ ಎಂಜಿನ್ನೇ ಹೋಯಿತೆಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆದರಿಸಿದ್ದರು. ಹೂವು ಸುತ್ತಿದ್ದ ಪೇಪರನ್ನು ಕಾರಿನಡಿ ಸರಿಸಿ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಒಂದು ತೊಟ್ಟೂ ಬೀಳಲಿಲ್ಲ.

"ಹಸ ಕೊಂಡ್ಕೊಳ್ಳೋವಾಗ ಬರೀ ಮೊಕ ನೋಡಿದ್ರಾಯ್ತದಾ? ಬಗ್ಗಿ ಹೊಟ್ಟೆ ಕೆಳ್ಗೂ ನೋಡ್ಬೇಕು ಕಣವ್ವ," ಎಂದರು ಅತ್ತೆ.

ಗಾಡಿ ತಣ್ಣಗಾದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಮಲಗಿ ನೋಡಿದೆ. ಫಳಫಳ ಹೊಳೆಯುವ ಹೊಸ ತರಚು ಒಂದು. ಅದು ನನ್ನದೇ, ಸುಳ್ಳೇಕೆ ಹೇಳಲಿ. ಆದರೆ ಅದರ ಅಕ್ಕಪಕ್ಕ ತುಕ್ಕು ಹಿಡಿದ ಹಳೇ ತರಚುಗಳು ಸಾಲಾಗಿದ್ದವು! ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಒಂದು ಮೂಲೆಯಲ್ಲಿ ನೆಲಕ್ಕೆ ತಾಗಿ ನೇತಾಡುತ್ತಿತ್ತು; ಸರಸರ ಸದ್ದು ಅದರದೇ. ಅದನ್ನು ಯಾರೋ ನೀಲಿ ನೈಲಾನ್ ಹಗ್ಗದಿಂದ ಕಟ್ಟಿದ್ದರು. ಈ ಮೂಲೆಯ ಗಂಟು ಬಿಚ್ಚಿಕೊಂಡಿತ್ತು, ಆ ಮೂಲೆಯದು ಇನ್ನೂ ಇತ್ತು. ಫೋಟೊ ತೆಗೆದು ಅತ್ತೆಗೆ ತೋರಿಸಿದೆ.

ಅತ್ತೆ ಕನ್ನಡಕ ಏರಿಸಿ ನೋಡಿದವರೇ ಸೆರಗು ಬಾಯಿಗಿಟ್ಟು ನಗತೊಡಗಿದರು. "ಇದು ನಮ್ ನರೇಂದನ ಗಂಟು ಕಣವ್ವ! ಚಿಕ್ಕುಡುಗನಿಂದ್ಲೂ ಇಂಗೇ ತಿರುಗಾಮುರುಗಾ ಹಾಕಾದು. ಅವ್ನು ಕಟ್ಟಿದ್ ಹಸ ಒಂದಿನಾನೂ ಗೂಟ್ದಲ್ಲಿ ನಿಂತಿಲ್ಲ. ಊರೋರ ಹಿಪ್ನೇರ್ಳೆ ತೋಟನೆಲ್ಲಾ ಮೇಯ್ಸಿಬುಟ್ಟವ್ನೆ."

ನನಗೆ ಮೊದಲು ಮೈಯೆಲ್ಲ ಉರಿಯಿತು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ! ಆಮೇಲೆ ಆ ಉರಿಗಿಂತ ದೊಡ್ಡ ಖುಷಿಯಾಯಿತು. ಅತ್ತೆ ಬಗ್ಗಿ ಕೈ ಚಾಚಿ ತಟ್ಟೆಯನ್ನು ಎತ್ತಿ ಅದೇ ಹಗ್ಗದಿಂದ ಹಸು ಕಟ್ಟುವ ಗಂಟು ಹಾಕಿದರು. ಕಬ್ಬಾಳಿಗೆ ಹೋಗಿ ಬರುವತನಕ ಗಾಡಿ ತುಟಿಪಿಟಿಕ್ಕೆನ್ನಲಿಲ್ಲ.

ಸಂಜೆ ನರೇಂದ್ರ ಕೀ ವಾಪಸ್ ಇಸಕೊಂಡು, ತಳ ನೋಡಲು ಎಂದಿನಂತೆ ಚಾಪೆ ಹಾಸಿಕೊಂಡು ಕಾರಿನಡಿ ತೂರಿದರು. ಬಹಳ ಹೊತ್ತು ಈಚೆ ಬರಲೇ ಇಲ್ಲ. ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಅವ್ವಾ, ಅಡೀಲಿ ಹಗ್ಗ ಯಾರ್ ಕಟ್ಟಿದ್ದು?"

"ನಾನೇ ಕಣ್ಲಾ. ನೀನ್ ಕಟ್ಟಿದ್ದು ಬಿಚ್ಕೊಂಡಿತ್ತು."

"ಒಂದು ಹೊಸಾ ತರಚು ಐತೆ," ಎಂದು ಗೊಣಗಿದರು.

"ಅದು ನಂದು. ಮಿಕ್ಕಿದ್ದೆಲ್ಲ ಯಾರವು ರೀ?" ಎಂದೆ.

ನರೇಂದ್ರ ಚಾಪೆ ಸುತ್ತತೊಡಗಿದರು. ಅತ್ತೆ ಅವರ ಜೇಬಿನಿಂದ ಕೀ ಕಿತ್ತುಕೊಂಡು ನನ್ನ ಸೆರಗಿನ ತುದಿಗೆ ಹಸು ಕಟ್ಟುವ ಗಂಟು ಹಾಕಿಬಿಟ್ಟರು.

ಬೆಳಿಗ್ಗೆ ಬೇರೆ ಸೀರೆ ಉಟ್ಟು ಕಾಫಿ ಕುಡಿಯುತ್ತಿದ್ದೆ. ನರೇಂದ್ರ ಆಫೀಸಿಗೆ ಹೊರಟು ನಿಂತು ನಿನ್ನೆಯ ಸೀರೆಯ ಗಂಟಿನೊಂದಿಗೆ ಗುದ್ದಾಡುತ್ತಿದ್ದರು. ಉಗುರು ಹಾಕಿದರು, ಹಲ್ಲು ಹಾಕಿದರು. ಜಗ್ಗಿದಷ್ಟೂ ಬಿಗಿಯಿತು.

"ಬಿಚ್ಚಕ್ ಬತ್ತಿಲ್ಲ ಕಣೆ," ಎಂದರು ಕೊನೆಗೆ.

ಹಸು ಕಟ್ಟುವ ಗಂಟಿನಲ್ಲಿ ಎಳೆಯುವ ತುದಿಯೇ ಬೇರೆ. ಅದನ್ನು ರಾತ್ರಿ ಅತ್ತೆ ನನಗೊಬ್ಬಳಿಗೇ ಹೇಳಿಕೊಟ್ಟಿದ್ದರು. ಲೋಟ ಕೆಳಗಿಟ್ಟು ಆ ತುದಿ ಎಳೆದೆ. ಗಂಟು ಸರ್ರನೆ ಬಿಚ್ಚಿಕೊಂಡು ಕೀ ನನ್ನ ಅಂಗೈಗೆ ಬಿತ್ತು.

ನರೇಂದ್ರ ಕೀಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬ್ಯಾಗು ಹಿಡಿದು ಹೋಗಿ ಕಾರಿನ ಎಡಗಡೆ ಬಾಗಿಲ ಹತ್ತಿರ ನಿಂತರು.